ಗಣಕಯಂತ್ರದ ಒಳಗಿನ ಮೇಲ್ವಿಚಾರಕ

ಅಂಧೇರಿಯ ಪೂರ್ವಭಾಗದಲ್ಲಿ 1973ರಲ್ಲಿ ಸ್ಥಾಪನೆಗೊಂಡ ಸೀಪ್ಜ್ ರಫ್ತು ವಲಯವು ಮುಂಬಯಿಯ ಗಣಕೋದ್ಯಮಕ್ಕೆ ನೆಲೆಯೊದಗಿಸಿದ ಸ್ಥಳಗಳಲ್ಲೊಂದು. ಅದರ ಸುತ್ತಲಿನ ಉಪಾಹಾರ ಗೃಹಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಕನ್ನಡ ಬಂಧುಗಳಿಗೆ ಗಣಕಯಂತ್ರವು ಇಂದು ಅಪರಿಚಿತವಲ್ಲ. ಗಲ್ಲಾದ ಮೇಲೆ ಬಿಲ್ಲು ಬರೆಯುವುದು ಅದೇ. ಗುಮಾಸ್ತರ ಖಾತೆಪುಸ್ತಕವೂ ಅದೇ. ಆದರೆ ಯಾವ ಗುಂಡಿಯನ್ನು ಒತ್ತಬೇಕೆಂದು ಬಲ್ಲವರು ಅನೇಕರಾದರೂ, ಒತ್ತಿದ ಬಳಿಕ ಒಳಗೆ ನಡೆಯುವುದೇನೆಂದು ಅರಿತವರು ವಿರಳ. ಕೇವಲ ಗುಂಡಿಯ ವಿದ್ಯೆಯು ಯಂತ್ರ ಬದಲಾದೊಡನೆ ನಿರುಪಯೋಗಿಯಾಗುತ್ತದೆ. ಅನ್ನದ ಪ್ರಶ್ನೆಯೇ ಇದರಲ್ಲಿ ಅಡಗಿರುವುದರಿಂದ ಮೂಲತತ್ತ್ವವನ್ನು ಅರಿಯುವುದು ಅವಶ್ಯ.

ಆಪರೇಟಿಂಗ್ ಸಿಸ್ಟಂ ಎಂಬುದು ಯಂತ್ರದ ಒಳಗಿನ ಮೇಲ್ವಿಚಾರಕ. ಹೋಟೆಲಿನ ವ್ಯವಹಾರವನ್ನು ಬಲ್ಲವರಿಗೆ ಇದು ಕಠಿಣವಾದ ವಿಷಯವೇನೂ ಅಲ್ಲ. ಬೆಳಗಿನ ಎಂಟು ಗಂಟೆಯ ಸಂದಣಿಯಲ್ಲಿ ದೋಸೆಯ ಕಾವಲಿ ಒಂದೇ, ಬೇಡಿಕೆ ಇಪ್ಪತ್ತು. ಯಾರಿಗೆ ಮೊದಲು, ಯಾರಿಗೆ ಅನಂತರ ಎಂಬುದನ್ನು ಯಾರಾದರೊಬ್ಬರು ನಿರ್ಧರಿಸಲೇಬೇಕು. ಗಣಕದಲ್ಲಿ ಕಾವಲಿಯ ಸ್ಥಾನ ಪ್ರೊಸೆಸರಿನದು. ಮೇಲ್ವಿಚಾರಕನು ಪ್ರತಿಯೊಂದು ಕೆಲಸಕ್ಕೂ ಸೆಕೆಂಡಿನ ಅತ್ಯಲ್ಪ ಭಾಗವನ್ನು ಸರದಿಯಂತೆ ಹಂಚುತ್ತಾನೆ. ಸರದಿಯು ಅತಿ ವೇಗವಾಗಿ ತಿರುಗುವ ಕಾರಣ, ಎಲ್ಲವೂ ಏಕಕಾಲದಲ್ಲಿ ನಡೆದಂತೆ ನಮಗೆ ತೋರುತ್ತದೆ.

ಎರಡನೆಯದು ಸ್ಮೃತಿ. ಅಡುಗೆಮನೆಯ ಕಟ್ಟೆಯ ಮೇಲಿನ ಸ್ಥಳ ಸ್ವಲ್ಪ, ಉಗ್ರಾಣ ವಿಸ್ತಾರವಾದುದು. ಕಟ್ಟೆ ತುಂಬಿದಾಗ ಸದ್ಯ ಬೇಡದ ಪಾತ್ರೆಯನ್ನು ಉಗ್ರಾಣಕ್ಕೆ ಸಾಗಿಸಿ, ಬೇಕಾದಾಗ ತರಬೇಕಾಗುತ್ತದೆ. ಈ ಓಡಾಟವೇ ಹೆಚ್ಚಾದರೆ ಅಡುಗೆ ನಿಧಾನವಾಗದೆ ಇರದು. ಅನೇಕ ಕೆಲಸಗಳನ್ನು ಒಟ್ಟಿಗೆ ತೆರೆದಾಗ ಯಂತ್ರವು ಮಂದವಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಇದನ್ನರಿತ ಗುಮಾಸ್ತನು ಹೊಸ ಯಂತ್ರ ಕೊಳ್ಳುವ ಮೊದಲು ಸ್ಮೃತಿಯನ್ನು ಹೆಚ್ಚಿಸಿದರೆ ಸಾಲದೇ ಎಂದು ವಿಚಾರಿಸಬಲ್ಲನು.

ಮೂರನೆಯದು ಕಡತಗಳ ರಕ್ಷಣೆ. ಗಲ್ಲಾಪೆಟ್ಟಿಗೆಗೆ ಎಲ್ಲರೂ ಕೈಹಾಕುವಂತಿಲ್ಲ. ಅಂತೆಯೇ ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಅಧಿಕಾರಗಳಿವೆ. ಇನ್ನೊಂದು ಸ್ವಾರಸ್ಯದ ತೊಡಕೂ ಉಂಟು. ಸೌಟು ಹಿಡಿದ ಭಟ್ಟರು ಬಾಣಲೆಗಾಗಿ, ಬಾಣಲೆ ಹಿಡಿದ ಭಟ್ಟರು ಸೌಟಿಗಾಗಿ ಕಾಯುತ್ತ ನಿಂತರೆ ಗಿರಾಕಿಗೆ ತಿಂಡಿ ದೊರೆಯುವುದೆಂತು? ಗಣಕಶಾಸ್ತ್ರದಲ್ಲಿ ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ.

ಈ ತತ್ತ್ವಗಳು ಬಹುಕಾಲ ಬಾಳುವಂಥವು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು 1969ರಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದರು. ಅದರ ಮಾದರಿಯನ್ನನುಸರಿಸಿ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನುಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರತಂದರು. ನಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ತಿರುಳೂ ಲಿನಕ್ಸೇ.

ಕಲಿಯುವ ಬಗೆ ಹೇಗೆ? ಅಂಧೇರಿಗೆ ಸಮೀಪದ ಪೊವಾಯಿಯಲ್ಲಿ 1958ರಲ್ಲಿ ಸ್ಥಾಪಿತವಾದ ಭಾರತೀಯ ತಂತ್ರಜ್ಞಾನ ಸಂಸ್ಥೆಯು ಸ್ಪೋಕನ್ ಟ್ಯುಟೋರಿಯಲ್ ಎಂಬ ಯೋಜನೆಯಡಿ ಕಿರುಪಾಠಗಳನ್ನು ಸಿದ್ಧಪಡಿಸಿದೆ. ಲಿನಕ್ಸಿನ ಪಾಠಗಳು ಕನ್ನಡ ಧ್ವನಿಯಲ್ಲಿಯೂ ಉಚಿತವಾಗಿ ದೊರೆಯುತ್ತವೆ. ಇಂಗ್ಲಿಷ್ ಬಲ್ಲವರಿಗೆ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಿ. ಎಂ. ಢಮಢೇರೆಯವರ ಪಠ್ಯಗ್ರಂಥವಿದೆ. ಲಿನಕ್ಸಿಗೆ ಬೆಲೆ ತೆರಬೇಕಾಗಿಲ್ಲ. ಹಳೆಯ ಯಂತ್ರವೊಂದಿದ್ದರೂ ಅಭ್ಯಾಸಕ್ಕೆ ಸಾಕು. ‘ಟಾಪ್’ ಎಂಬ ಆಜ್ಞೆಯನ್ನು ಕೊಟ್ಟರೆ ಯಾವ ಕೆಲಸ ಎಷ್ಟು ಪ್ರೊಸೆಸರ್, ಎಷ್ಟು ಸ್ಮೃತಿ ಬಳಸುತ್ತಿದೆಯೆಂಬುದು ಕಣ್ಣಿಗೆ ಕಾಣುತ್ತದೆ. ಮೊದಲು ಸರದಿ, ಬಳಿಕ ಸ್ಮೃತಿ, ತದನಂತರ ಕಡತ ಎಂಬ ಕ್ರಮದಲ್ಲಿ ಸಾಗುವುದು ಸುಲಭ.

ಇಷ್ಟನ್ನು ಕಲಿತ ಮಾತ್ರಕ್ಕೆ ನೌಕರಿ ಕೈಸೇರುವುದೆಂದು ಭರವಸೆ ಕೊಡಲಾಗದು. ಆದರೆ ಯಂತ್ರದ ಎದುರು ಅಂಜಿ ನಿಲ್ಲುವ ಸ್ಥಿತಿಯಿಂದ ಅದನ್ನು ಪ್ರಶ್ನಿಸುವ ಸ್ಥಿತಿಗೆ ಏರುವುದು ಸಣ್ಣ ಲಾಭವಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಪರಂಪರೆ ಮುಂಬಯಿ ಕನ್ನಡಿಗರದು. ಕೆಲಸ ಮುಗಿದ ಮೇಲಿನ ಅರ್ಧ ಗಂಟೆಯನ್ನು ನಮ್ಮ ತರುಣರು ಈ ವಿದ್ಯೆಗೆ ಮೀಸಲಿಟ್ಟರೆ ಆ ಪರಂಪರೆಯು ಮುಂದುವರಿದಂತಾಗುವುದು.