ಹಾಲಿಗೆ ಲೆಕ್ಕವುಂಟು, ಸಗಣಿಗೆ?

ನಂಗಲಿ: ಡೇರಿಯಲ್ಲಿ ಬೆಳಗ್ಗೆ, ಸಂಜೆ ಹಾಲಿನ ಅಳತೆ ಆಗುತ್ತದೆ, ಫ್ಯಾಟೂ ನೋಡ್ತಾರೆ. ರೇಷ್ಮೆಗೂಡು ಮಾರುಕಟ್ಟೆಯಲ್ಲಿ ತಕ್ಕಡಿ ಏರುತ್ತದೆ. ಕೊಟ್ಟಿಗೆಯ ಸಗಣಿಗೆ ಮಾತ್ರ ಲೆಕ್ಕ ಇಡೋರು ಯಾರೂ ಇಲ್ಲ!

ದೇಶದ ‘ಜೈವಿಕ ಆರ್ಥಿಕತೆ’ 2014ರಲ್ಲಿ 1,000 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 16,500 ಕೋಟಿ ದಾಟಿತೆಂದು ಕೇಂದ್ರ ಸರಕಾರದ ವರದಿ. ಅದರಲ್ಲಿ ಸೇರುವುದು ಲಸಿಕೆ, ಔಷಧ, ಎಥೆನಾಲ್. ಅಂದರೆ ಬಿಲ್ ಆದ ಸರಕು.

ಗಡಿಭಾಗದ ರೈತನ ಚಕ್ರವೇ ಬೇರೆ. ಹಿಪ್ಪುನೇರಳೆ ಸೊಪ್ಪು ಹುಳುವಿಗೆ, ಹುಳು ಬಿಟ್ಟದ್ದು ದನಕ್ಕೆ, ಕಡ್ಡಿ ಒಲೆಗೆ, ಸಗಣಿ ಗೋಬರ್ ಗ್ಯಾಸಿಗೆ, ಬಗ್ಗಡ ಮತ್ತೆ ತೋಟಕ್ಕೆ. ಎರಡು ಘನಮೀಟರಿನ ದೀನಬಂಧು ಗುಂಡಿಗೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು. ಹೊತ್ತು ಕಲೆಸೋರು ಹೆಚ್ಚಾಗಿ ಮನೆಯ ಹೆಂಗಸರು. ಇಂಥ ಗುಂಡಿಗಳನ್ನು ಕಟ್ಟಿಸಿದ ಕೋಲಾರದ ಎಸ್‌ಕೆಜಿ ಸಂಘಕ್ಕೆ 2007ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಬಂದಿತ್ತು.

ಕೊಳ್ಳದೆ ಉಳಿದ ಸಿಲಿಂಡರಾಗಲಿ, ಯೂರಿಯಾ ಚೀಲವಾಗಲಿ ವಹಿವಾಟಿನ ಲೆಕ್ಕಕ್ಕೆ ಬರೋದಿಲ್ಲ. ತಮಾಷೆ ಅಂದರೆ, ಗುಂಡಿ ಕೆಟ್ಟು ರೈತ ಎರಡನ್ನೂ ಅಂಗಡಿಯಿಂದ ತಂದರೆ ಕಾಗದದಲ್ಲಿ ವಹಿವಾಟು ಏರುತ್ತದೆ!

ಕಟ್ಟಿದ ಗುಂಡಿ ಎಷ್ಟು ಅನ್ನೋದು ಸಬ್ಸಿಡಿ ಲೆಕ್ಕ. ಈಗಲೂ ಉರಿಯುತ್ತಿರುವ ಒಲೆ ಎಷ್ಟು ಅನ್ನೋದೇ ನಿಜವಾದ ಅಳತೆ. ಗ್ರಾಮಸಭೆಯಲ್ಲಿ ಆ ಎಣಿಕೆ ಶುರುವಾಗಲಿ.