ಎಚ್ಚರಿಕೆಯ ಗಂಟೆಯನ್ನೇ ಅಡಗಿಸುವ ವೈರಾಣು

2020ರ ಫೆಬ್ರುವರಿ 3ರಂದು ಭಾರತದ ಮೂರನೆಯ ಕೊರೊನಾ ಪ್ರಕರಣ ಕಾಸರಗೋಡು ಜಿಲ್ಲೆಯಲ್ಲಿ ದೃಢಪಟ್ಟಿತು. ಮುಂದಿನ ತಿಂಗಳುಗಳಲ್ಲಿ ಮನೆಮನೆಯನ್ನೂ ಕಾಡಿದ ಪ್ರಶ್ನೆಯೊಂದಿತ್ತು: ಜ್ವರವಿಲ್ಲದ, ಕೆಮ್ಮಿಲ್ಲದ ವ್ಯಕ್ತಿಯಿಂದಲೂ ರೋಗ ಹರಡುವುದು ಹೇಗೆ? ಉತ್ತರದ ಒಂದು ಪಾಲು ನಮ್ಮ ಜೀವಕೋಶಗಳ ಒಳಗೇ ಇದೆ.

ಹುಟ್ಟಿನಿಂದಲೇ ಬಂದ ರಕ್ಷಣೆಯನ್ನು ಸಹಜ ರೋಗನಿರೋಧಕ ಶಕ್ತಿ ಎನ್ನುತ್ತಾರೆ. ಹೊಸ ರೋಗಾಣುವಿಗೆ ತಕ್ಕ ಪ್ರತಿಕಾಯಗಳು ಸಿದ್ಧವಾಗಲು ದಿನಗಳೇ ಬೇಕು. ಸಹಜ ಶಕ್ತಿಗೆ ಕೆಲವು ಗಂಟೆಗಳು ಸಾಕು. ವೈರಾಣು ಒಳಹೊಕ್ಕು ತನ್ನ ಆರ್‌ಎನ್‌ಎಯನ್ನು ನಕಲು ಮಾಡತೊಡಗಿದೊಡನೆ ಕೋಶದ ಕಾವಲು ಪ್ರೋಟೀನುಗಳು ಅದನ್ನು ಪರಕೀಯವೆಂದು ಗುರುತಿಸುತ್ತವೆ. ಆಗ ಕೋಶವು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಇದನ್ನು ಕಂಡುಹಿಡಿದವರು ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡನ್‌ಮನ್. ಜ್ವರ, ಮೈಕೈ ನೋವುಗಳು ಬಹುಮಟ್ಟಿಗೆ ಈ ರಕ್ಷಣಾ ವ್ಯವಸ್ಥೆ ಎಚ್ಚೆತ್ತುದರ ಕುರುಹುಗಳು.

ಕೋವಿಡ್ ತರುವ ಕೊರೊನಾ ವೈರಾಣು ಈ ಗಂಟೆಯನ್ನೇ ಅಡಗಿಸುತ್ತದೆ. ಅದರ ಆರ್‌ಎನ್‌ಎಯಲ್ಲಿ ಸುಮಾರು 30,000 ಅಕ್ಷರಗಳಿದ್ದು, ಇನ್‌ಫ್ಲುಯೆಂಜಾ ವೈರಾಣುವಿನ ಎರಡು ಪಟ್ಟಿಗೂ ಮಿಗಿಲು. ಆದುದರಿಂದ ಹಲವು ಉಪಾಯಗಳಿಗೆ ಅದರಲ್ಲಿ ಎಡೆಯಿದೆ. ಮೊದಲನೆಯದು ಮರೆ: ಕೋಶದ ಪೊರೆಗಳಿಂದಲೇ ಇಬ್ಬದಿಯ ಚೀಲಗಳನ್ನು ಕಟ್ಟಿ ಅವುಗಳೊಳಗೆ ನಕಲು ಮಾಡುತ್ತದೆ. ಎರಡನೆಯದು ವೇಷ: ತನ್ನ ಆರ್‌ಎನ್‌ಎಯ ತುದಿಗೆ ನಮ್ಮದರಂಥದೇ ರಾಸಾಯನಿಕ ಟೊಪ್ಪಿ ತೊಡಿಸುತ್ತದೆ. ಮೂರನೆಯದು ತಡೆ: ಎನ್‌ಎಸ್‌ಪಿ-1 ಎಂಬ ಪ್ರೋಟೀನು, ಪ್ರೋಟೀನು ತಯಾರಿಸುವ ರೈಬೋಸೋಮಿನ ಬಾಯಿಗೆ ಬೆಣೆಯಂತೆ ಸಿಕ್ಕಿಕೊಂಡು ಇಂಟರ್‌ಫೆರಾನ್ ತಯಾರಿಕೆಯನ್ನು ಕುಗ್ಗಿಸುತ್ತದೆ. ನಾಲ್ಕನೆಯದಾಗಿ, ಓಆರ್‌ಎಫ್-6 ಎಂಬ ಇನ್ನೊಂದು ಪ್ರೋಟೀನು ಕೋಶಕೇಂದ್ರದ ದ್ವಾರದಲ್ಲಿ ನಿಂತು, ಹೊರಗಿನಿಂದ ಬಂದ ಎಚ್ಚರಿಕೆಯ ಸಂದೇಶ ಒಳಗೆ ಮುಟ್ಟದಂತೆ ತಡೆಯುತ್ತದೆ.

ಹೀಗೆ ಗಳಿಸಿದ ಕಾಲಾವಕಾಶದಲ್ಲಿ ವೈರಾಣು ಸದ್ದಿಲ್ಲದೆ ಬೆಳೆಯುತ್ತದೆ, ಇತರರಿಗೂ ದಾಟುತ್ತದೆ. ತಡವಾಗಿ ಎಚ್ಚೆತ್ತ ದೇಹ ಕೆಲವೊಮ್ಮೆ ಮಿತಿಮೀರಿ ಪ್ರತಿಕ್ರಿಯಿಸಿ ತನ್ನ ಶ್ವಾಸಕೋಶವನ್ನೇ ಘಾಸಿಗೊಳಿಸುತ್ತದೆ. ಇಂಟರ್‌ಫೆರಾನಿನ ಮಹತ್ವ ಎಷ್ಟೆಂಬುದಕ್ಕೆ 2020ರ ಅಧ್ಯಯನವೊಂದು ಸಾಕ್ಷಿ. ತೀವ್ರ ಅಸ್ವಸ್ಥರಾದ 987 ರೋಗಿಗಳಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳು ಕಂಡುಬಂದವು. ಸೌಮ್ಯ ಅಥವಾ ಲಕ್ಷಣರಹಿತ ಸೋಂಕು ತಗಲಿದ್ದ 663 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ.

ಮಕ್ಕಳ ವಿಷಯದಲ್ಲಿ ಸಮಾಧಾನದ ಸಂಗತಿಯೊಂದಿದೆ. ಅವರ ಮೂಗಿನ ಒಳಪೊರೆಯ ಕೋಶಗಳಲ್ಲಿ ಕಾವಲು ಪ್ರೋಟೀನುಗಳು ವಯಸ್ಕರಿಗಿಂತ ಹೆಚ್ಚಾಗಿದ್ದು, ಸೋಂಕಿಗೆ ಮುನ್ನವೇ ಸಜ್ಜಾಗಿರುತ್ತವೆ ಎಂದು ಬರ್ಲಿನ್ನಿನ ಸಂಶೋಧಕರು 2021ರಲ್ಲಿ ತೋರಿಸಿದರು. ಹಿರಿಯರಿಗೆ ಆ ಅನುಕೂಲ ಕಡಿಮೆ. ಲಸಿಕೆಯ ಬೆಲೆ ತಿಳಿಯುವುದು ಇಲ್ಲಿಯೇ: ಮೊದಲೇ ಸಿದ್ಧವಾದ ಪ್ರತಿಕಾಯಗಳು ಗಂಟೆಯ ಸದ್ದಿಗೆ ಕಾಯದೆ, ವೈರಾಣು ಕೋಶವನ್ನು ಹೊಗುವ ಮುನ್ನವೇ ಅದನ್ನು ಹಿಡಿಯಬಲ್ಲವು. ಮನೆಯ ಅಜ್ಜ ಅಜ್ಜಿಯರಿಗೆ ಮಕ್ಕಳೇ ಇದನ್ನು ಬಿಡಿಸಿ ಹೇಳಬಹುದು.