ಬಿಳಿಯ ಪುಡಿಯೂ ಎರಡು ರಾಜಧಾನಿಗಳೂ

ಉಪ್ಪಿನ ಕೆಲವೇ ಹರಳುಗಳಷ್ಟು ಪುಡಿ. ತೂಕ ಎರಡು ಮಿಲಿಗ್ರಾಂ. ಅಭ್ಯಾಸವಿಲ್ಲದ ಮನುಷ್ಯನ ಉಸಿರು ನಿಲ್ಲಲು ಅಷ್ಟೇ ಸಾಕಾಗಬಹುದು. ಫೆಂಟನಿಲ್ ಎಂಬ ಈ ದ್ರವ್ಯವನ್ನು ವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ನೋವಡಗಿಸಲು ಬಳಸುವರು. ಕಳ್ಳ ವ್ಯಾಪಾರಿಗಳ ಕೈಗೆ ಸಿಕ್ಕ ಮೇಲೆ ಅದು ಅಮೆರಿಕದ ಊರೂರನ್ನೂ ಹೊಕ್ಕಿತು. 2022ರಲ್ಲಿ ಆ ದೇಶದಲ್ಲಿ ಮಾದಕ ದ್ರವ್ಯಗಳ ಅತಿಸೇವನೆಯಿಂದ ಸತ್ತವರು ಒಂದು ಲಕ್ಷಕ್ಕೂ ಮಿಕ್ಕು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಫೆಂಟನಿಲ್ ಜಾತಿಯ ವಿಷಗಳಿಗೆ ಬಲಿಯಾದವರು.

ಇದು ಬರುತ್ತಿದ್ದುದಾದರೂ ಹೇಗೆ? ಮೊದಮೊದಲು ಚೀನದಿಂದ ನೇರವಾಗಿ, ಅಂಚೆಯ ಪೊಟ್ಟಣದಲ್ಲಿ! ಒಂದು ದ್ರವ್ಯವನ್ನು ನಿಷೇಧಿಸಿದರೆ ಅದರ ರಚನೆಯನ್ನು ತುಸುವೇ ಬದಲಿಸಿ ಹೊಸ ಹೆಸರಿನಲ್ಲಿ ಮಾರುವ ಜಾಣತನ ಅಲ್ಲಿಯ ಕಳ್ಳ ರಸಾಯನಜ್ಞರಿಗೆ ಕರಗತವಾಗಿತ್ತು. 2018ರ ಡಿಸೆಂಬರಿನಲ್ಲಿ ಟ್ರಂಪರೂ ಷಿ ಜಿನ್‌ಪಿಂಗರೂ ಬ್ಯೂನಸ್ ಐರಿಸ್ ನಗರದಲ್ಲಿ ಕಲೆತು ಮಾತನಾಡಿದರು. 2019ರ ಮೇ 1ರಿಂದ ಚೀನವು ಆ ಇಡೀ ಕುಲವನ್ನೇ ನಿರ್ಬಂಧಿಸಿತು. ಅದೇ ನವೆಂಬರಿನಲ್ಲಿ ಹೆಬೇ ಪ್ರಾಂತದ ನ್ಯಾಯಾಲಯವೊಂದು ಒಂಬತ್ತು ಮಂದಿಗೆ ಶಿಕ್ಷೆ ವಿಧಿಸಿತು. ಅವರ ಸುಳಿವು ಕೊಟ್ಟವರು ಅಮೆರಿಕದ ಅಧಿಕಾರಿಗಳು.

ಹಳೆಯ ಕಥೆ ಬಲ್ಲವರಿಗೆ ಇದೆಲ್ಲ ವಿಚಿತ್ರವೆನಿಸದಿರದು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದ ಅಫೀಮನ್ನು ಹೇರಿಕೊಂಡು ಆಂಗ್ಲರ ಹಡಗುಗಳೂ, ತುರ್ಕಿಯ ಅಫೀಮನ್ನು ಹೇರಿಕೊಂಡು ಅಮೆರಿಕದ ಹಡಗುಗಳೂ ಚೀನಕ್ಕೇ ಹೋಗುತ್ತಿದ್ದವು! 1909ರಲ್ಲಿ 13 ದೇಶಗಳ ಪ್ರತಿನಿಧಿಗಳು ಅಫೀಮಿನ ವಿಚಾರಕ್ಕಾಗಿ ಶಾಂಘೈಯಲ್ಲಿ ಕೂಡಿದಾಗ ಮುಂದಾಳಾಗಿ ನಿಂತದ್ದು ಅಮೆರಿಕವೇ.

ಪೊಟ್ಟಣಗಳು ಬಹುಮಟ್ಟಿಗೆ ನಿಂತವು, ವ್ಯಾಪಾರ ನಿಲ್ಲಲಿಲ್ಲ. ಪುಡಿಯ ಬದಲು ಅದನ್ನು ತಯಾರಿಸುವ ರಾಸಾಯನಿಕಗಳು ಮೆಕ್ಸಿಕೋದ ಹಾದಿ ಹಿಡಿದವು. ಅವುಗಳಲ್ಲಿ ಹಲವು ನ್ಯಾಯವಾದ ಉದ್ಯಮಕ್ಕೂ ಬೇಕಾದವು. ಪೀಪಾಯಿಯನ್ನು ನೋಡಿ ಇದು ಔಷಧಕ್ಕೋ ವಿಷಕ್ಕೋ ಎಂದು ಸುಂಕದ ಅಧಿಕಾರಿ ಹೇಳುವುದೆಂತು? ಕೊಳ್ಳುವವನಾರೆಂದು ಒಂದು ದೇಶ ಇನ್ನೊಂದಕ್ಕೆ ತಿಳಿಸಿದರೆ ಬಲೆ ಬೀಸಬಹುದು.

ಆ ತಿಳಿಸುವಿಕೆಯೇ 2022ರ ಆಗಸ್ಟಿನಲ್ಲಿ ಕಡಿದುಬಿದ್ದಿತು. ಅಮೆರಿಕದ ಪ್ರತಿನಿಧಿ ಸಭೆಯ ಅಧ್ಯಕ್ಷೆ ನ್ಯಾನ್ಸಿ ಪೆಲೋಸಿ ತೈವಾನಿಗೆ ಹೋಗಿಬಂದರೆಂಬ ಕೋಪದಿಂದ ಚೀನವು ಈ ಸಹಕಾರವನ್ನು ನಿಲ್ಲಿಸಿತು. ತೈವಾನಿಗೂ, ಒಹಾಯೊದ ಯಾವುದೋ ಮನೆಯಲ್ಲಿ ಉಸಿರುಗಟ್ಟಿ ಬಿದ್ದ ಹುಡುಗನಿಗೂ ಎತ್ತಣ ಸಂಬಂಧ? 2023ರ ನವೆಂಬರಿನಲ್ಲಿ ಬೈಡನ್ ಮತ್ತು ಷಿ ಕ್ಯಾಲಿಫೋರ್ನಿಯದಲ್ಲಿ ಭೇಟಿಯಾದ ಮೇಲೆ ಮಾತುಕತೆ ಮತ್ತೆ ಕುದುರಿತು. 2024ರ ಸೆಪ್ಟೆಂಬರ್ 1ರಿಂದ ಇನ್ನೂ ಮೂರು ರಾಸಾಯನಿಕಗಳು ಚೀನದ ನಿರ್ಬಂಧಕ್ಕೆ ಒಳಪಟ್ಟವು.

ಮರುವರ್ಷವೇ ಪೀಪಾಯಿಗಳ ಲೆಕ್ಕ ಸುಂಕದ ಲೆಕ್ಕದೊಡನೆ ಕಲೆತುಹೋಯಿತು. 2025ರಲ್ಲಿ ಟ್ರಂಪರು ಫೆಂಟನಿಲ್‌ನ ಹೆಸರಿನಲ್ಲಿ ಚೀನದ ಸರಕಿನ ಮೇಲೆ ಮೊದಲು ಶೇಕಡ 10, ಬಳಿಕ 20 ಸುಂಕ ಹೇರಿದರು; ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯದಲ್ಲಿ ಷಿಯವರನ್ನು ಕಂಡು, ಅದನ್ನು ಅರ್ಧಕ್ಕೆ ಇಳಿಸಲು ಒಪ್ಪಿದರು.